ಕೆಂಪು ದೀಪ ದಾಟಿದ ಅಪ್ಪ

ಹಳೆಯ ಬಿಳಿ ಲಾಡಾ ಕೆಂಪು ದೀಪ ದಾಟಿ ಬಂದೇಬಿಟ್ಟಿತು, ನನ್ನ ಕೈ ತಾನಾಗಿ ಮೇಲೆದ್ದಿತು, ಕಾರು ನಿಂತಿತು, ಆಮೇಲೆ ಕಂಡಿತು ಹಿಂದಿನ ಗಾಜಿಗೆ ಅಮ್ಮ ಹೊಲಿದ ಹೂವಿನ ಪರದೆ — ನಮ್ಮದೇ ಕಾರು, ಬಾಗಿಲು ತೆರೆಯುತ್ತಿದೆ, ಇಳಿಯಬೇಡ ಅಪ್ಪ, ಈಗಿನ ಹೊಸ ನಿಯಮದಲ್ಲಿ ಯಾರೂ ಇಳಿಯುವ ಹಾಗಿಲ್ಲ, ಪೊಲೀಸರೇ ಕಾರಿನ ಹತ್ತಿರ ಹೋಗಬೇಕು, ಸೆಲ್ಯೂಟ್ ಹೊಡೆದು ಮಾತಾಡಿಸಬೇಕು, ಅಡುಗೆಮನೆಯಲ್ಲಿ ನೀನೇ ಪುಸ್ತಕ ಹಿಡಿದು ನನ್ನಿಂದ ಒಪ್ಪಿಸಿಕೊಂಡ ಪಾಠ ಇದು, ಆದರೆ ಇಪ್ಪತ್ತೆರಡು ವರ್ಷ ಇದೇ ಕುತೈಸಿ ಊರಿನ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸನಾಗಿ ಕೋಲು ಹಿಡಿದು ನಿಂತು, ಬಂದವರನ್ನೆಲ್ಲ ತನ್ನ ಬಳಿಗೇ ನಡೆಸಿಕೊಂಡವನು, ಪೊಲೀಸರು ಕಂಡರೆ ಇಳಿದು ನಡೆಯುವುದೇ ಮರ್ಯಾದೆ ಅಂದುಕೊಂಡವನು, ಎದೆಯ ಜೇಬಿಗೆ ಕೈ ಹಾಕಿಕೊಂಡು ಬರುತ್ತಿದ್ದಾನೆ. ಜೊತೆಗಾರ ಬೆಸೋ ಪಿಸುಗುಟ್ಟುತ್ತಾನೆ, ನಿಮ್ಮಪ್ಪ ಅಲ್ವೇನೇ ಇರ್ಮಾ, ಕಳಿಸ್ಬಿಡೇ, ನಾನು ಆ ಕಡೆ ನೋಡ್ತಿದ್ದೆ ಅಂದ್ಕೋ — ನೀನು ನೋಡಲಿಲ್ಲ ಸರಿ, ಬ್ರೆಡ್ ಅಂಗಡಿಯ ಮುಂದಿನ ಸಾಲು ನೋಡುತ್ತಿದೆಯಲ್ಲ, ಜುಂಬೆರ್ ಮಗಳು ಕಣ್ರೇ, ಹೊಸ ಪೊಲೀಸಂತೆ, ಈಗೇನ್ ಮಾಡ್ತಾಳೋ ನೋಡೋಣ, ಬಿಟ್ಟರೆ ನಾಳೆಯಿಂದ ಈ ದೀಪಕ್ಕೆ ಯಾರೂ ನಿಲ್ಲುವುದಿಲ್ಲ.

ಜೇಬಿನಿಂದ ಲೈಸೆನ್ಸ್ ಹೊರಬಂತು, ದೇವರೇ, ಅದರ ಮಡಿಕೆಯೊಳಗೆ ಲಂಚದ ನೋಟು ಇಲ್ಲದಿರಲಿ, ಇದ್ದರೆ ದಂಡವಲ್ಲ, ಬೇಡಿ ಹಾಕಬೇಕು, ಅಪ್ಪ ಆದರೂ ಹಾಕಬೇಕು, ಎಷ್ಟು ಮಡಿಕೆಗಳನ್ನು ಬಿಡಿಸಿದ್ದವು ಅವನ ಬೆರಳುಗಳು, ಕರೆಂಟಿಲ್ಲದ ಆ ಚಳಿಗಾಲ, ಎಂಟು ತಿಂಗಳು ಸಂಬಳವಿಲ್ಲ, ದೇಶ ಅನ್ನುವುದು ಬರೀ ಬಾವುಟವಾಗಿದ್ದಾಗ ಅವನು ಕೋಟಿನೊಳಗೆ ಮುಚ್ಚಿಕೊಂಡು ತರುತ್ತಿದ್ದ ಬಿಸಿ ಬ್ರೆಡ್ಡು, ಎಲ್ಲಿಂದ ಎಂದು ಅಮ್ಮ ಕೇಳಲಿಲ್ಲ, ನಾನು ತಿಂದೆ, ಅದನ್ನು ತಿಂದೇ ಇಷ್ಟುದ್ದ ಬೆಳೆದೆ, ಆಮೇಲೆ ಒಂದು ಬೆಳಿಗ್ಗೆ ಹಳೆಯ ಪೊಲೀಸರನ್ನೆಲ್ಲ ಕೆಲಸದಿಂದ ತೆಗೆದು ಒಟ್ಟಿಗೆ ಮನೆಗೆ ಕಳಿಸಿದರು, ಅಪ್ಪ ಸಮವಸ್ತ್ರ ಮಡಿಸಿಟ್ಟ, ನಾಲ್ಕನೆಯ ದಿನ ಹೊಸ ಪೊಲೀಸ್ ಕೆಲಸದ ಅರ್ಜಿ ತಂದು ನನ್ನ ಮುಂದಿಟ್ಟ, ನಮ್ಮ ಕೈಲಿ ಕೆಟ್ಟು ಹೋಯ್ತು ಮಗಳೇ, ನೀವಾದ್ರೂ ಸರಿ ಮಾಡ್ರಿ — ಇವತ್ತು ಬೆಳಿಗ್ಗೆಯೂ ನನ್ನ ಅಂಗಿಗೆ ಇಸ್ತ್ರಿ ಹಾಕಿದ್ದು ಅವನೇ, ಇಷ್ಟು ಪ್ರೀತಿಯನ್ನು ಎಲ್ಲಿಟ್ಟುಕೊಳ್ಳಲಿ ನಾನು, ಇನ್ನು ಹತ್ತೇ ಹೆಜ್ಜೆ.

ದಯವಿಟ್ಟು ಕಾರಲ್ಲಿ ಕೂತ್ಕೊಳ್ಳಿ, ಅಂದವಳು ನಾನೇನಾ, ಹುಟ್ಟಿದಾಗಿನಿಂದ ಅಪ್ಪನನ್ನು ಬಹುವಚನದಲ್ಲಿ ಕರೆದವಳಲ್ಲ, ಅಪ್ಪ ರಸ್ತೆಯ ನಡುವೆ ನಿಂತ, ನನ್ನ ಟೋಪಿ ನೋಡಿದ, ಮುಖ ನೋಡಿದ, ಕಾರಿಗೆ ಹಿಂತಿರುಗಿ ಕೂತ, ಈಗ ನಡೆಯಬೇಕಾದವಳು ನಾನು, ಸೆಲ್ಯೂಟ್ ಹೊಡೆದೆ, ಕಿಟಕಿಯಿಂದ ಲೈಸೆನ್ಸ್ ಕೊಟ್ಟ, ಬಿಡಿಸಿದೆ — ಏನೂ ಇಲ್ಲ, ಏನೂ ಇಟ್ಟಿಲ್ಲ ಕಣೇ ಅಂದ ಅಪ್ಪ ತುಂಬ ಮೆಲ್ಲಗೆ, ನಾನು ಹುಡುಕಿದ್ದು ಅವನಿಗೆ ಕಂಡುಬಿಟ್ಟಿತಲ್ಲ, ಕಣ್ಣು ಮಂಜಾಯಿತು, ದಂಡದ ಚೀಟಿಯಲ್ಲಿ ಹೆಸರು ಬರೆಯಲು ಹೊರಟೆ, ನಿಲ್ಲು, ಅಂದ ಅಪ್ಪ, ಹೆಸರು ಕೇಳು, ಎಲ್ಲರನ್ನೂ ಕೇಳೋ ಹಾಗೆ ಕೇಳು, ಕೇಳಿದೆ, ನಿಮ್ಮ ಹೆಸರು, ಬ್ರೆಡ್ ಅಂಗಡಿಯ ಸಾಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ, ಜುಂಬೆರ್ ಕಪನಾಡ್ಜೆ, ಕೆಂಪು ದೀಪ ದಾಟಿದ್ದೀನಿ, ತಪ್ಪು ನಂದೇ — ಬರೆಯುತ್ತಿದ್ದೇನೆ, ನನ್ನದೇ ಮನೆತನದ ಹೆಸರು, ತಲೆಯೆತ್ತಿದರೆ ಮತ್ತೆ ಅವನ ಕೈಗಳು, ಸ್ಟೀರಿಂಗ್ ಮೇಲೆ ಎರಡೂ ಕೈ, ಪುಸ್ತಕದಲ್ಲಿ ಹೇಳಿದ ಹಾಗೆಯೇ, ನನಗೆ ಕಾಣುವ ಹಾಗೆ, ಬೆರಳುಗಳನ್ನು ಬಿಡಿಸಿಟ್ಟು, ಎರಡೂ ಕೈ ಖಾಲಿ.