ಬಾರಿ ಎಲೆಯ ಪತಂಗ

ಅಥಣಿಯಿಂದ ಶೇಡಬಾಳದ ಕಡೆ ಬರುವ ಮಧ್ಯಾಹ್ನದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತೆಂದರೆ, ಇವತ್ತು ಯಾರ ಮುಖ ನೋಡಿ ಎದ್ದೆವಪ್ಪಾ ಅಂದುಕೊಳ್ಳಬೇಕು. ತ್ರಿಶಲಾಗೆ ಅವತ್ತು ಜಾಗ ಸಿಕ್ಕಿತ್ತು. ಆದರೂ ಆರಾಮಾಗಿ ಕೂರದೆ, ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಅಪ್ಪಿಕೊಂಡೇ ಬಂದಳು. ಚೀಲದೊಳಗೆ ಬೆರಳುದ್ದದ ಒಂದು ಬಾಟ್ಲಿ ಇತ್ತು. ಅದರ ತಳದಲ್ಲಿ ಔಷಧದಲ್ಲಿ ಅದ್ದಿದ ಹತ್ತಿ. ಹುಳವನ್ನು ಒಳಗೆ ಬಿಟ್ಟು ಬಿರಡೆ ಹಾಕಿದರೆ ಸಾಕು, ಒದ್ದಾಟವಿಲ್ಲದೆ ಪ್ರಾಣ ಹೋಗುತ್ತದೆ. ಜೈನರ ಮನೆಗೆ ಇಂಥದ್ದನ್ನು ಒಯ್ಯುವ ಹೆಣ್ಣುಮಗಳ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ?

ಅವಳು ಅಥಣಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಎರಡು ದಿನ ಇದ್ದು, ಹೋಳಿಗೆ ಉಂಡು ಹೋಗುವವರು. ಈಕೆಯ ತಲೆಗೂದಲು ಆ ಕಾಲೇಜಿನಲ್ಲೇ ಹಣ್ಣಾಗಿದೆ, ಇನ್ನೂ ಅತಿಥಿ! ಪ್ರತಿ ವರ್ಷ ಬೇಸಿಗೆಯಲ್ಲಿ ತೆಗೆದುಹಾಕುತ್ತಾರೆ, ಮಳೆಗಾಲದಲ್ಲಿ ಮತ್ತೆ ಕರೆಯುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟಿಗೂ ಸುಸ್ತಾಯಿತು.

ಇಷ್ಟರ ನಡುವೆ ಅವಳದು ಅಂತ ಇದ್ದದ್ದು ಒಂದೇ, ಈ ಪತಂಗ. ಅವರ ಹೊಲದ ಬದುವಿನ ಮೇಲೊಂದು ಹಳೆಯ ಬಾರಿ ಗಿಡ, ಅಂದರೆ ಬೋರೆ ಹಣ್ಣಿನ ಗಿಡ. ಅದರ ಎಲೆಗಳ ಮೇಲೆ ಮಕ್ಕಳು ಬಳಪದಿಂದ ಗೀಚಿದ ಹಾಗೆ ಬಿಳಿ ಗೆರೆ. ಎಲೆಯ ಎರಡು ಪದರದ ನಡುವೆ ಮರಿಹುಳ ಸುರಂಗ ಕೊರೆದು ಉಂಡು ಬೆಳೆಯುತ್ತದೆ, ಅಲ್ಲೇ ಗೂಡು ಕಟ್ಟುತ್ತದೆ, ಕಡೆಗೆ ಜೀರಿಗೆಯಷ್ಟು ಪತಂಗವಾಗಿ ಹೊರಗೆ ಬರುತ್ತದೆ. ತ್ರಿಶಲಾ ಸಿಕ್ಕ ಗ್ರಂಥವನ್ನೆಲ್ಲ ಹುಡುಕಿದಳು. ಇಂಥದ್ದನ್ನು ಯಾರೂ ಬಣ್ಣಿಸಿರಲಿಲ್ಲ, ಹೆಸರಿಟ್ಟಿರಲಿಲ್ಲ. ಪುಣೆಯ ಹಿರಿಯ ಪಂಡಿತರೊಬ್ಬರಿಗೆ ಫೋಟೋ ಕಳಿಸಿದರೆ ಅವರು ಫೋನಿನಲ್ಲಿ ಹೇಳಿದ್ದು ಎರಡೇ ಶಬ್ದ, "ನರ ಪಾಹಿಜೆ." ಗಂಡು ಬೇಕು. ಈ ಬಗೆಯ ಪತಂಗಗಳಲ್ಲಿ ಒಂದು ಜಾತಿಗೂ ಇನ್ನೊಂದು ಜಾತಿಗೂ ಇರುವ ಭೇದ ಗಂಡಿನ ಹೊಟ್ಟೆಯ ತುದಿಯಲ್ಲಿರುತ್ತದೆ. ಅದನ್ನು ಬಿಡಿಸಿ ಮೈಕ್ರೋಸ್ಕೋಪಿನ ಕೆಳಗೆ ನೋಡಿ ಚಿತ್ರ ಬರೆಯಬೇಕು. ಅಲ್ಲಿಯವರೆಗೆ ಅದು ಹೊಸದು ಅಂತ ಯಾರೂ ಒಪ್ಪುವುದಿಲ್ಲ.

ಅವಳಿಗೆ ಸಿಕ್ಕದ್ದೆಲ್ಲ ಹೆಣ್ಣೇ. ಹಿಂದಿನ ವರ್ಷ ಮಾತ್ರ ಒಂದು ಗಂಡು ಹುಟ್ಟಿತ್ತು, ಅದನ್ನು ಜೀವಂತ ಕಾಲೇಜಿಗೆ ಒಯ್ದಳು. ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತೇ ಇದೆ. ಮನುಷ್ಯರ ಕೀಲೇ ಸಡಿಲಾಗುವಾಗ ಜೀರಿಗೆಯಷ್ಟು ಹುಳದ ಪಾಡೇನು? ಅಥಣಿ ಮುಟ್ಟುವಷ್ಟರಲ್ಲಿ ಡಬ್ಬಿಯ ಗೋಡೆಗೆ ಬಡಿದು ಬಡಿದು ರೆಕ್ಕೆ ಉದುರಿ, ಹೊಟ್ಟೆ ಹರಿದುಹೋಗಿತ್ತು. ಎಲೆಗಳನ್ನು ಕಾಲೇಜಿನಲ್ಲೇ ಇಟ್ಟರೆ ರಜೆಯಲ್ಲಿ ಇರುವೆ ಮುತ್ತುತ್ತಿದ್ದವು. ಮನೆಯಲ್ಲಿ ಸಾಕಲಿಕ್ಕೆ ತಾಯಿ ಕಮಲಾಬಾಯಿಯ ಅಡ್ಡಿಯಿರಲಿಲ್ಲ. "ಸಾಕು, ಜ್ವಾಕಿ ಮಾಡು. ಆದ್ರ ಮನ್ಯಾಗ ಕೊಲ್ಲೂದ ಬ್ಯಾಡ" ಅಂದಿದ್ದಳು. ಇದುವರೆಗೆ ತ್ರಿಶಲಾ ಆ ಮಾತು ಮೀರಿರಲಿಲ್ಲ.

ಈ ವರ್ಷ ಮೀರುವುದೆಂದು ನಿಶ್ಚಯಿಸಿದ್ದಳು. ಪಕ್ಕದ ಹೊಲದ ಸಿದರಾಯ ಕಬ್ಬು ಕಡಿಸಿ, ಉಳಿದ ಒಣ ಎಲೆಯ ರವದಿಗೆ ಬೆಂಕಿ ಇಟ್ಟಿದ್ದ. ಬೆಂಕಿ ಬದು ದಾಟಿ ಬಾರಿ ಗಿಡವನ್ನು ಬುಡದಿಂದ ತುದಿಯವರೆಗೆ ಸುಟ್ಟಿತು. ಹಿಂದಿನ ದಿನವೇ ಅವಳು ಕಿತ್ತು ತಂದ ಎಲೆಗಳಷ್ಟೇ ಉಳಿದವು. ಬಾಟ್ಲಿ ತಂದ ದಿನ ಬೆಳಿಗ್ಗೆ ಅವುಗಳೊಳಗಿಂದ ಒಂದು ಪತಂಗ ಹೊರಬಂದಿತ್ತು. ಲೆನ್ಸ್ ಹಿಡಿದು ನೋಡಿದರೆ ಹಿಂದಿನ ರೆಕ್ಕೆಯ ಅಂಚಿಗೆ ಕಪ್ಪು ಕುಚ್ಚು, ಹೋದ ವರ್ಷದ ಗಂಡಿಗೆ ಇದ್ದ ಹಾಗೆಯೇ. ಗಂಡು! ಆದರೆ ಪರೀಕ್ಷೆಯ ಡ್ಯೂಟಿ ಇತ್ತು, ತಪ್ಪಿಸಿದರೆ ಅತಿಥಿಗೆ ಬಾಗಿಲು ತೋರಿಸುತ್ತಾರೆ. ಬಾಟ್ಲಿ ತಂದು ಮನೆಯಲ್ಲೇ ಮುಗಿಸಬೇಕು, ಅವ್ವ ಬಸದಿಗೆ ಹೋದಾಗ, ಅಂತ ಅಥಣಿಯ ಬಸ್ಸು ಹತ್ತಿದ್ದಳು.

ಮನೆಗೆ ಬಂದು ನೋಡುತ್ತಾಳೆ, ಮೇಜಿನ ಮೇಲೆ ಡಬ್ಬಿ ಬಾಯಿ ತೆರೆದುಕೊಂಡಿದೆ. ಒಳಗೆ ಎಲೆಯೂ ಇಲ್ಲ, ಪತಂಗವೂ ಇಲ್ಲ.

"ಅವ್ವಾ, ಡಬ್ಬಿ ಯಾರ ತಗದ್ರ?"

ಕಮಲಾಬಾಯಿ ಜಪದ ಮಣೆಯ ಮೇಲಿಂದ ತಿರುಗಿದಳು. "ನಾನ ತಗದ್ನಿ. ಮುಂಜಾನಿಂದ ಒಂದ ಸವನ ಬಡಕೋಳಾಕತ್ತಿತ್ತು, ಪಾಪ. ಇವತ್ತ ಚತುರ್ದಶಿ ಐತಿ. ಒಂದ ಜೀವಾ ಬಂಧನದಾಗ ಇಟಗೊಂಡ ಹೆಂಗ ಜಪಾ ಮಾಡ್ಲಿ? ಕಿಡಕಿ ತಗದ ಬಿಟ್ನಿ."

"ಎಲಿ?"

"ಹಿತ್ತಲದಾಗ ಲಿಂಬಿ ಗಿಡದ ಬುಡಕ ಇಟ್ಟೀನಿ, ನೆರಳಾಗ."

ತ್ರಿಶಲಾ ಓಡಿದಳು. ಗಾಳಿಗೆ ಎಲೆಗಳು ಹಿತ್ತಲಿನ ತುಂಬ ಹರಡಿದ್ದವು, ಲಿಂಬೆಯ ಕಸ, ಬೇವಿನ ಕಸ ಎಲ್ಲದರ ಜೊತೆ ಬೆರೆತು. ಬಗ್ಗಿ ಒಂದೆರಡು ಆರಿಸಿದಳು, ಖಾಲಿ. ಮೂರನೆಯದಕ್ಕೆ ಸೊಂಟ ಬಗ್ಗಲಿಲ್ಲ. ಹೊರಗಿನ ಹುಳವನ್ನಾದರೂ ಹಿಡಿಯಬಹುದು, ಒಳಗೆ ಕೂತ ಈ ದಣಿವನ್ನು ಹಿಡಿದು ಎಲ್ಲಿ ಒಗೆಯಬೇಕು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇವಳ ತುತ್ತನ್ನು ಹೆತ್ತವಳೇ ಕಿಟಕಿಯಿಂದ ಆಚೆ ಬಿಟ್ಟಿದ್ದಳು.

"ಏನಾತ ಈಗ?" ಕಮಲಾಬಾಯಿ ಬಾಗಿಲಲ್ಲಿ ನಿಂತು ಕೇಳಿದಳು. "ಜೀರಗಿ ಕಾಳಿನಷ್ಟ ಹುಳಾ. ಮತ್ತೊಂದ ಬರ್ತೈತಿ ಬಿಡ ಬೇ."

"ಎಲ್ಲಿಂದ ಬರ್ತೈತಿ? ಗಿಡಾ ಸುಟ್ಟ ಹೋತು. ಅವ್ವಾ, ನಿನಗ ಹುಳದ ಜೀವಾ ಕಾಣತೈತಿ. ಹೊಟ್ಯಾಗ ಹುಟ್ಟಿದಾಕಿ ಜೀವಾ ಕಾಣಂಗಿಲ್ಲ." ಚೀಲದಿಂದ ಬಾಟ್ಲಿ ತೆಗೆದು ತೋರಿಸಿದಳು. "ಇದ ನೋಡು. ಇವತ್ತ ಅದನ್ನ ಇದರಾಗ ಹಾಕಿ ಕೊಲ್ಲಾಕಿದ್ನಿ. ಈ ಮನ್ಯಾಗ. ನೀ ಬಸದಿಗೆ ಹೋದಾಗ."

ಕಮಲಾಬಾಯಿ ಬಾಟ್ಲಿಯನ್ನು ನೋಡಿದಳು, ಮಗಳನ್ನು ನೋಡಿದಳು. "ಹಂಗಾರ ಬಿಟ್ಟದ್ದ ಚಲೋ ಆತು" ಅಂದು ಒಳಗೆ ಹೋದಳು.

ಆ ಮೇಲಿನ ದಿನಗಳಲ್ಲಿ ಮನೆಯೊಳಗೆ ಮಾತು ಸತ್ತುಹೋಯಿತು. ಮಗಳು ಅತ್ತು ಕರೆದು ಮಾಡಿದ್ದರೆ ತಾಯಿ ತಡೆದುಕೊಳ್ಳುತ್ತಿದ್ದಳೋ ಏನೋ, ತ್ರಿಶಲಾ ಅಳಲೂ ಇಲ್ಲ. ಕಾಲೇಜಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಹೊತ್ತು ಮುಳುಗುವ ಮುಂಚೆ ತಾಯಿ ಬಡಿಸಿದ್ದನ್ನು ಎರಡು ತುತ್ತು ಉಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಮೇಜಿನ ಮೇಲೆ ಧೂಳು ಕೂತಿತು. ಪಕ್ಕದ ಮನೆಯ ಸೋನಾಬಾಯಿ ಕಟ್ಟೆಗೆ ಕೂತು, "ಗುಡ್ಡಾ ಅಗದ ಇಲಿ ಹಿಡದರಂತ. ನಿಮ್ಮ ತ್ರಿಶಲಾ ನುಸಿ ಹಿಡಿಯಾಕ ಹೋಗಿ ಸೊರಗ್ಯಾಳಲ್ರಿ" ಅಂತ ನಕ್ಕಳು. ಕಮಲಾಬಾಯಿ ನಗಲಿಲ್ಲ. ಅವಳು ಮೊಣಕಾಲು ಹಿಡಿದು ಕುಂಟುತ್ತಿದ್ದುದನ್ನು ತ್ರಿಶಲಾ ನೋಡಿದಳು, ಯಾಕೆ ಅಂತ ಕೇಳಲಿಲ್ಲ. ಕೇಳುವ ಮನಸ್ಸಿರಲಿಲ್ಲ.

ಭಾನುವಾರ ಸಂಜೆ, ಇನ್ನೂ ಬಿಸಿಲಿರುವಾಗಲೇ ಕಮಲಾಬಾಯಿ ಕರೆದಳು. "ತ್ರಿಶಲಾ, ಇಲ್ಲೆ ಬಾ."

ಅಡುಗೆಮನೆಯ ಮೂಲೆಯಲ್ಲಿ ಒಂದು ತಾಮ್ರದ ತಂಬಿಗೆ. ಬಾಯಿಗೆ ನೀರು ಸೋಸುವ ಬಿಳಿ ಬಟ್ಟೆ ಬಿಗಿದು ಕಟ್ಟಿತ್ತು. ಆ ಮನೆಯಲ್ಲಿ ಒಂದು ಹನಿ ನೀರೂ ಆ ಬಟ್ಟೆ ದಾಟದೆ ಯಾರ ಗಂಟಲಿಗೂ ಇಳಿದದ್ದಿಲ್ಲ, ನೀರೊಳಗಿನ ಹುಳ ಸಾಯಬಾರದೆಂದು. ಈಗ ಆ ಬಟ್ಟೆಯ ಒಳಮೈಗೆ ಏನೋ ಚುಕ್ಕೆ ಅಂಟಿತ್ತು.

"ಹಿತ್ತಲದಾಗ ಎಲಿ ಆರಿಸಿದ್ನಿ, ಗೆರಿ ಇದ್ದದ್ದಷ್ಟು" ಅಂದಳು ತಾಯಿ. "ಇವತ್ತ ಇದೊಂದ ಹೊರಗ ಬಂದೈತಿ. ನೋಡು, ಗಂಡೇನು?"

ತ್ರಿಶಲಾ ಲೆನ್ಸ್ ತಂದಳು. ಬಟ್ಟೆಯ ಎಳೆಗಳ ನಡುವಿನಿಂದ ಕಪ್ಪು ಕುಚ್ಚು ಕಂಡಿತು. "ಹೂಂ. ಗಂಡು."

"ಹಂಗಾರ ಬಾಟ್ಲಿ ತಗೊಂಡ ಬಾ."

"ಮನ್ಯಾಗ ಬ್ಯಾಡಂದಿದ್ದಿ?"

"ಅಂದಿದ್ನಿ."

"ನಾಳೆ ಬಸ್ಸಿನ್ಯಾಗ ಒಯ್ತೀನವ್ವಾ."

"ಬಸ್ಸಿನ್ಯಾಗ ಬಡಕೊಂಡ ಸಾಯತೈತಿ. ಅದರ ಜೀವಾನೂ ಹೋತು, ನಿನ್ನ ಕೆಲಸಾನೂ ಆಗ್ಲಿಲ್ಲ. ಹಿಡದಾಕಿ ನಾನು. ಪಾಪ ನನಗ ಇರ್ಲಿ."

"ಅವರವರ ಕರ್ಮ ಅವರವರಿಗಂತ ಕಲಿಸಿದಾಕಿ ನೀನ. ಪಾಪ ಹಂಗ ತಗೊಳ್ಳಾಕ ಬರತೈತೇನ?"

"ಬರಂಗಿಲ್ಲ, ಗೊತ್ತೈತಿ." ಕಮಲಾಬಾಯಿ ತಂಬಿಗೆಯನ್ನು ಹತ್ತಿರ ಎಳೆದುಕೊಂಡಳು. "ಆದ್ರ ನೀ ಗ್ವಾಡಿಗೆ ಮಾರಿ ಮಾಡಿ ಮಲಗೂದ ನೋಡಾಕ ಆಗವಲ್ದು ನನಗ. ತಾ ಅದನ್ನ."

ತ್ರಿಶಲಾ ಬಾಟ್ಲಿ ತಂದಳು. ಬಟ್ಟೆಯ ಅಂಚು ಸಡಿಲಿಸಿ ಬಾಟ್ಲಿಯ ಬಾಯಿ ಒಡ್ಡಿದಾಗ ಕಮಲಾಬಾಯಿ, "ತಡಿ" ಅಂದಳು. ಸಾಯುವವರ ಕಿವಿಯಲ್ಲಿ ಹೇಳುವ ಹಾಗೆ ಬಾಗಿ ಣಮೋಕಾರ ಮಂತ್ರ ಹೇಳಿದಳು, ಅವಸರ ಮಾಡದೆ, ಪೂರ್ತಿ. ಎಷ್ಟೋ ವರ್ಷದಿಂದ ಬಸದಿಯ ಮೆಟ್ಟಿಲು ಹತ್ತದ ತ್ರಿಶಲಾ ಕೈ ಅಲುಗಿಸದೆ ಕಾದಳು. ಆಮೇಲೆ ಬಟ್ಟೆಯನ್ನು ತಟ್ಟಿದಳು. ಬಿರಡೆ ಹಾಕಿದಳು. ತಾಯಿ ಕಣ್ಣು ಮುಚ್ಚಿಕೊಂಡಿದ್ದಳು.

"ಆತಾ?"

"ಆತವ್ವಾ."

ರೆಕ್ಕೆ ಬಿರುಸಾಗುವ ಮುಂಚೆ ಹರಡಬೇಕು. ತ್ರಿಶಲಾ ಕಿಟಕಿಯ ಬೆಳಕಿಗೆ ಕೂತು, ಕೂದಲೆಳೆಯಂಥ ಸೂಜಿ ಚುಚ್ಚಿ, ಉಸಿರು ಬಿಗಿಹಿಡಿದು ರೆಕ್ಕೆ ಬಿಡಿಸಿದಳು. ಒಂದು ಎಳೆಯೂ ಮುರಿದಿರಲಿಲ್ಲ. ಇಷ್ಟು ವರ್ಷ ಕಾದದ್ದು ಕೈಯಲ್ಲಿತ್ತು. ಖುಷಿ ಆಗಬೇಕಿತ್ತು, ಮೈಯೆಲ್ಲ ಬರೀ ಸೋತಂತಾಯಿತು. ಒಳಗೆ ತಾಯಿ ಒಂದೇ ತಟ್ಟೆ ಹಾಕಿದ ಸಪ್ಪಳ ಕೇಳಿಸಿತು.

"ನಿಂದೆಲ್ಲಿ?"

"ನಂದ ಉಪವಾಸ. ನೀ ಉಣ್ಣು, ಹೊತ್ತ ಮುಳಗತೈತಿ."

"ನಾನೂ ಒಲ್ಲೆ."

ಕಮಲಾಬಾಯಿ ಜಗಳವಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೇಜಿನ ಹತ್ತಿರ ಬಂದು ನಿಂತಳು. ಇಷ್ಟು ವರ್ಷದಲ್ಲಿ ಆ ಮೇಜನ್ನು ಒರೆಸಲು ಮಾತ್ರ ಬಂದವಳು. "ಎಲ್ಲೈತಿ, ನನಗೊಮ್ಮೆ ತೋರಸು."

ತ್ರಿಶಲಾ ಎದ್ದು ಕುರ್ಚಿ ಕೊಟ್ಟಳು, ತಾಯಿಯ ಕಣ್ಣಿನ ಮುಂದೆ ಲೆನ್ಸ್ ಹಿಡಿದಳು. ಕಮಲಾಬಾಯಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಮುಂದಿನ ರೆಕ್ಕೆಯ ಮೇಲೆ ಬಂಗಾರದ ಮೂರು ಪಟ್ಟಿ, ಪಟ್ಟಿಗೊಂದು ಬೆಳ್ಳಿಯ ಗೆರೆ, ಅಂಚಿನುದ್ದಕ್ಕೂ ರೇಷ್ಮೆಯ ಜಾಲರಿ, ಪುಟ್ಟ ಕೆಂಪು ಕಣ್ಣು. ಅವಳು ಬಹಳ ಹೊತ್ತು ನೋಡಿದಳು. ಕಣ್ಣಿನ ನೀರು ಲೆನ್ಸಿನ ಮೇಲೆ ಬಿತ್ತು.

"ಇಷ್ಟ ಚಂದ ಐತೇನ ಇದು?"

"ಹೌದವ್ವಾ."

"ಮದಲ ಯಾಕ ತೋರಸಲಿಲ್ಲ ನನಗ?" ಅಂದಳು ಕಮಲಾಬಾಯಿ. "ನೋಡಿದ್ದರ ಹಿಡದ ಕೊಡ್ತಿದ್ದಿಲ್ಲ."