ಜಗದಾಂಬಾ ಅವರ ಎಡಗೈ

"ಇನ್ನೊಂಚೂರು ಜೋರಾಗಿ ಎಳೀರಿ ಅಯ್ನೋರೇ," ಎಂದು ಮಗ ಬಸವಕುಮಾರ್ ಹೇಳಿದ್ದೇ, ಕ್ರಿಯೆ ಮಾಡಿಸಲು ಬಂದಿದ್ದ ರೇವಣಸಿದ್ದಯ್ಯನವರು ಜಗದಾಂಬಾ ಅವರ ಎಡಗೈಯನ್ನು ಬಿಟ್ಟುಬಿಟ್ಟರು. ಸತ್ತವರಿಗೂ ನೋವಾದೀತು ಎನ್ನುವ ಜಾತಿಯ ಮನುಷ್ಯ ಅವರು.

ಬಸವೇಶ್ವರನಗರದ ಮನೆಯ ಹಾಲ್‌ನಲ್ಲಿ ವಿಭೂತಿ ಬಳಿದು ಕೂರಿಸಿದ್ದ ಜಗದಾಂಬಾ ಅವರ ಆ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಮಣ್ಣಿಗೆ ಒಯ್ಯಬೇಕಿತ್ತು. ಲಕ್ವ ಹೊಡೆದಾಗಿನಿಂದ ಅದು ಮುಷ್ಟಿಯಾಗಿಯೇ ಇತ್ತು. ಫ್ರೀಜರ್ ಪೆಟ್ಟಿಗೆಯ ಥಂಡಿಗೆ ಇನ್ನಷ್ಟು ಬಿಗಿದಿತ್ತು. ಮುಷ್ಟಿಯ ಮೇಲೇ ಇಟ್ಟರಾಯಿತು ಎಂದರು ಯಾರೋ. ಮಗಳು ಸೌಮ್ಯಶ್ರೀ ಅದಕ್ಕೂ ಒಪ್ಪಲಿಲ್ಲ, ಬೆರಳು ಮುರಿಯುವುದಕ್ಕೂ ಒಪ್ಪಲಿಲ್ಲ. ಒಳಗೆ ಹೋಗಿ ಹೆಬ್ಬೆರಳಷ್ಟು ದಪ್ಪದ ಒಂದು ಬಿಳಿ ಜೆಲ್ ಸುರುಳಿ ತಂದಳು.

*

ಜಗದಾಂಬಾ ವಿಜಯನಗರದ ಬಸ್ ಪಾಸ್ ಕೌಂಟರಿನಲ್ಲಿ ಮುದ್ರೆ ಒತ್ತುತ್ತ ನಿವೃತ್ತರಾದವರು. ತಡವಾಗಿ ಬಂದ ಮಕ್ಕಳನ್ನು ಚೆನ್ನಾಗಿ ಬೈದು, ಮುಚ್ಚಿದ ಕಿಟಕಿ ತೆರೆದು ಪಾಸ್ ಕೊಡುತ್ತಿದ್ದರು. ಎಂಥ ಗಡಿಬಿಡಿಯಲ್ಲೂ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕಿದವರಲ್ಲ. ಹಾಗಾಗಿ ಪೂಜೆಗೆ ಲಿಂಗ ಹಿಡಿಯುವ ಅಂಗೈಯೇ ಮುಚ್ಚಿಕೊಂಡಾಗ ಊಟವನ್ನೇ ಬಿಟ್ಟು ಕುಳಿತರು.

ಆಗ ಸೌಮ್ಯಶ್ರೀ ತನ್ನ ಲ್ಯಾಬಿನಿಂದ ಈ ಸುರುಳಿ ತಂದಿದ್ದಳು. ಇಂಥ ಪಾಲಿಮರ್ ಜೆಲ್‌ಗಳು ಹೆಚ್ಚಾಗಿ ಬಿಸಿಗೆ ಕುಗ್ಗುತ್ತವೆ, ಇದು ಮಾತ್ರ ಮೈಬಿಸಿಗೆ ನೀರು ಕುಡಿದು ಹಿಗ್ಗುತ್ತದೆ ಎಂದು ವಿವರಿಸಿದಳು.

"ಅದೇನ್ ಮಹಾ ವಿದ್ಯೆ? ಪೂರಿನೂ ಕಾದ್ರೆ ಉಬ್ಬುತ್ತೆ ಕಣೇ," ಎಂದಿದ್ದರು ಜಗದಾಂಬಾ.

ಆದರೂ ಒದ್ದೆ ಬಟ್ಟೆ ಸುತ್ತಿ ಮುಷ್ಟಿಯೊಳಗೆ ತೂರಿಸಿಕೊಂಡರು. ಅವರ ಕೈಯ ಬಿಸಿಯೇ ಅವರ ಬೆರಳುಗಳನ್ನು ಮೆಲ್ಲಗೆ ಎತ್ತಿತು. ಅವತ್ತು ಪೂಜೆ ಮುಗಿಸಿ, ಬಿಟ್ಟ ಊಟವನ್ನೆಲ್ಲ ಒಟ್ಟಿಗೇ ಉಂಡರು.

*

ಈಗ ಆ ಕೈಯಲ್ಲಿ ಬಿಸಿ ಇರಲಿಲ್ಲ. ಸೌಮ್ಯಶ್ರೀ ಒದ್ದೆ ಬಟ್ಟೆ ಸುತ್ತಿದ ಜೆಲ್ ತೂರಿಸಿ, ಬಿಸಿನೀರಲ್ಲಿ ಅದ್ದಿದ ಟವೆಲ್ ಸುತ್ತಿದಳು. ಟವೆಲ್ ಆರಿತು, ಬೆರಳು ಕದಲಲಿಲ್ಲ. ಅವಳಿಗೆ ದುಃಖ ತಡೆಯಲಾಗಲಿಲ್ಲ. ಟವೆಲ್ ಕಿತ್ತೆಸೆದು, ತಾಯಿಯ ಮುಷ್ಟಿಯನ್ನು ತನ್ನೆರಡೂ ಅಂಗೈಗಳಲ್ಲಿ ಹಿಡಿದು ಅಳುತ್ತ ಕುಳಿತಳು. ವ್ಯಾನ್ ಬಂತು ಎಂದರು, ಏಳಲಿಲ್ಲ. ಹೊತ್ತಾಯಿತು ಎಂದರು, ಏಳಲಿಲ್ಲ. ಕೊನೆಗೆ ಬಸವಕುಮಾರ್ ಪಕ್ಕದಲ್ಲಿ ಕೂತು, ಅವಳ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟ.

"ಬಿಡ್ತಾ ಇದೆ ಕಣೇ," ಎಂದ ಎಷ್ಟೋ ಹೊತ್ತಿನ ಮೇಲೆ.

ಬೆರಳುಗಳು ಒಂದೊಂದಾಗಿ ಎದ್ದಿದ್ದವು. ಅಂಗೈ ಪೂರ್ತಿ ತೆರೆದುಕೊಂಡಾಗ ಸೌಮ್ಯಶ್ರೀ ಜೆಲ್ ತೆಗೆದಳು, ರೇವಣಸಿದ್ದಯ್ಯನವರು ಲಿಂಗವಿಟ್ಟರು. ಅದು ಜಾರದಂತೆ ಕಟ್ಟಲು ಅವರು ಪಕ್ಕಕ್ಕೆ ತಿರುಗಿ ಬಟ್ಟೆ ಹರಿಯುತ್ತಿದ್ದಾಗ, ಯಾರೂ ಮುಟ್ಟದೆಯೇ, ವರ್ಷಗಳಿಂದ ಮಡಚಿ ರೂಢಿಯಾಗಿದ್ದ ಆ ಬೆರಳುಗಳು ನಿಧಾನವಾಗಿ ಬಾಗಿ ಲಿಂಗವನ್ನು ಹಿಡಿದುಕೊಂಡವು.