ಎಡಭುಜದ ಮೆತ್ತೆ

ಎಡಗೈ ಕೋಟಿನ ತೋಳಿನೊಳಗೆ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಬಲಗೈಯಿಂದ ಕಾಲರು ಹಿಡಿದು ಎಳೆದ, ಗೋಡೆಗೆ ಬೆನ್ನು ಕೊಟ್ಟು ಉಜ್ಜಿದ, ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದ. ಎಲ್ಲೋ ಒಂದು ಹೊಲಿಗೆ ಚರ್ ಎಂದಿತೇ ಹೊರತು ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲ.

"ಥೂ, ಇದರ ಮನೆ ಹಾಳಾಗ!"

ಇಷ್ಟು ವರ್ಷ ಆ ತೋಳನ್ನು ಹಿಂದಿನಿಂದ ಹಿಡಿದುಕೊಡುತ್ತಿದ್ದವಳು ಪಕ್ಕದ ನಡುಮನೆಯಲ್ಲಿ, ತನ್ನ ಹೊಲಿಗೆ ಮಿಷನ್ನು ಸರಿಸಿ ಮಾಡಿದ ಜಾಗದಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದಳು. ಮೊನ್ನೆ ಬೆಳಿಗ್ಗೆ ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಾ ಕೂತವಳು "ಯಾಕೋ ಎದೆ ಹಿಡ್ಕೊಂಡ ಹಾಗಿದೆ" ಎಂದು ಮಿಷನ್ನಿನ ಮೇಲೆ ತಲೆಯಿಟ್ಟಳು. ಅಷ್ಟೇ. ಅವನು ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಾಗಿಲಲ್ಲಿ ಮಗಳು ಬಂದು ನಿಂತಳು. ಅವಳು ಬಸ್ಸು ಓಡಿಸುವವಳು. ಊರಿನ ಟ್ರಾಫಿಕ್ಕಿನಲ್ಲಿ ಕಿರುಚಿ ಕಿರುಚಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು.

"ಅಪ್ಪಾ, ಕೋಟು ಯಾಕೆ ಈಗ?"

"ಹೊರೋಕೆ."

"ಏನು ಹೊರೋಕೆ?"

"ಏನು ಅಂದ್ರೆ? ನಿಮ್ಮಮ್ಮನ್ನ."

"ತಲೆ ಕೆಟ್ಟಿದೆಯಾ ನಿಂಗೆ? ದೊಡ್ಡಪ್ಪ ವ್ಯಾನು ತಂದು ಬಾಗಿಲಲ್ಲೇ ನಿಲ್ಲಿಸಿದಾರೆ. ನೀನು ಸುಮ್ಮನೆ ಅದರಲ್ಲಿ ಕೂತ್ಕೋ."

"ವ್ಯಾನಲ್ಲಿ ಬೇಕಾದ್ರೆ ನಿಮ್ಮ ದೊಡ್ಡಪ್ಪನೇ ಹೋಗ್ಲಿ. ಬಾ ಇಲ್ಲಿ, ಈ ತೋಳು ಸ್ವಲ್ಪ ಹಿಡಿ."

"ಹಿಡಿಯಲ್ಲ," ಎಂದಳು ಮಗಳು. ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ತುಂಬಿಕೊಂಡಿತ್ತು. "ಒಬ್ಬರನ್ನ ಕಳಿಸೋಕೇ ನನ್ನ ಕೈಲಾಗ್ತಿಲ್ಲ. ದಾರಿ ಮಧ್ಯ ನೀನೂ ಬಿದ್ರೆ ನಾನೇನು ಮಾಡ್ಲಿ, ಹೇಳು."

ಅವನು ಅರ್ಧ ತೊಟ್ಟ ಕೋಟನ್ನು ಹಾಗೇ ಬೆನ್ನಿಗೆ ನೇತುಹಾಕಿಕೊಂಡು ಹೊರಗೆ ಬಂದ.

*

ಅವನ ಪ್ರಾಯದ ದಿನಗಳಲ್ಲಿ ಅವನನ್ನು ಎಲ್ಲರೂ ಕಪಾಟಣ್ಣ ಎಂದೇ ಕರೆಯುತ್ತಿದ್ದರು. ಮನೆ ಬದಲಾಯಿಸುವವರ ಸಾಮಾನು ಹೊರುವುದು ಅವನ ಕೆಲಸ. ಕಬ್ಬಿಣದ ಕಪಾಟನ್ನು ಒಬ್ಬನೇ ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಅಂಥವನಿಗೆ ಒಂದು ದಿನ ಪಾದ ಜುಮುಜುಮು ಎಂದಿತು. ಮರುದಿನ ಮೊಣಕಾಲು ಮಾತು ಕೇಳಲಿಲ್ಲ. ಆಮೇಲೆ ಸೊಂಟ, ಕೈ, ಕೊನೆಗೆ ಉಸಿರು. ನರಗಳ ಕಾಯಿಲೆ ಎಂದರು ಡಾಕ್ಟರು. ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸಿದರು. ಕೈಲಾದದ್ದು ಮಾಡುತ್ತೇವೆ, ಮನೆಯವರು ಎಲ್ಲದಕ್ಕೂ ತಯಾರಾಗಿರಿ ಎಂದೂ ಹೇಳಿದರು.

ಎಲ್ಲದಕ್ಕೂ ತಯಾರಾಗಿರುವುದೆಂದರೆ ಅವನ ಅಣ್ಣನಿಗೆ ಹೇಳಿಕೊಡಬೇಕೇ? ಮೋಡವಿಲ್ಲದ ದಿನವೂ ಕೊಡೆ ಹಿಡಿದು ಓಡಾಡುವ ಆಸಾಮಿ. ಬಂಧುಬಳಗದಲ್ಲಿ ಅವನ ಅಡ್ಡಹೆಸರೇ ಮುಂಜಾಗ್ರತೆ.

ರೋಗಿಗೆ ರೆಪ್ಪೆ ಎತ್ತುವ ಶಕ್ತಿಯೂ ಇರಲಿಲ್ಲ. ಕಿವಿ ಮಾತ್ರ ನೆಟ್ಟಗಿತ್ತು. ಮುಂಜಾಗ್ರತೆ ಇದೊಂದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ನೋಡಮ್ಮಾ," ಅಣ್ಣನ ದನಿ ಮಂಚದ ಪಕ್ಕದಲ್ಲೇ ಕೇಳಿತು. "ಆಮೇಲೆ ಗಾಬರೀಲಿ ಓಡಾಡೋಕಾಗಲ್ಲ. ಹೊದಿಸೋಕೆ ಬಿಳಿ ಬಟ್ಟೆ ತಂದಿದೀನಿ. ಜಾಗಕ್ಕೂ ಹೇಳಿಟ್ಟಿದೀನಿ. ತಪ್ಪು ತಿಳ್ಕೋಬೇಡ."

ಕಾಗದ ಸರಸರ ಎಂದಿತು. ಅವಳು ಅಳುತ್ತಾಳೆ, ಅವಳನ್ನು ಸಮಾಧಾನ ಮಾಡಲು ತನಗೆ ನಾಲಿಗೆಯೂ ಇಲ್ಲ ಎಂದು ಅವನು ಒಳಗೊಳಗೇ ಒದ್ದಾಡಿದ.

"ಒಳ್ಳೇ ಬಟ್ಟೆ ಭಾವ," ಎಂದಳು ಅವಳು. "ನೇಯ್ಗೆ ಗಟ್ಟಿ ಇದೆ. ಇಲ್ಲಿ ಕೊಡಿ. ಟೈಲರ್ ಮನೇಲಿ ಯಾವ ಬಟ್ಟೆನೂ ದಂಡ ಆಗಲ್ಲ."

ಮರುಗಳಿಗೆಗೆ ಅವನ ಎದೆಯ ಮೇಲೆ ತಣ್ಣನೆಯದೇನೋ ಹರಿದಾಡಿತು. ಅಳತೆ ಟೇಪು. ಎದೆ ಆಯಿತು, ಭುಜ ಆಯಿತು, ತೋಳು ಆಯಿತು.

ನರ್ಸಮ್ಮ ಓಡಿಬಂದಳು. "ಅಯ್ಯೋ, ಏನಮ್ಮಾ ಇದು? ಇನ್ನೂ ಜೀವ ಇದೆ, ಆಗಲೇ ಅಳತೆ ತಗೋತಿದೀರಾ?"

"ಜೀವ ಇರೋರಿಗೇ ಕಣಮ್ಮ ಅಳತೆ ತಗೊಳ್ಳೋದು. ಕೋಟಿಗೆ. ಮಳೆಗಾಲದ ಹೊತ್ತಿಗೆ ಇವರು ಕೆಲಸಕ್ಕೆ ಹೋಗೋರು."

"ಇವರು ಸೊರಗಿ ಕಡ್ಡಿ ಆಗಿದಾರೆ..."

"ಒಳಗೆ ಬಟ್ಟೆ ಬಿಟ್ಟು ಹೊಲಿತೀನಿ. ಮೈ ಬಂದ ಮೇಲೆ ಬಿಚ್ಚಿ ದೊಡ್ಡದು ಮಾಡಿದ್ರಾಯ್ತು."

ಆಮೇಲೆ ಅವನ ನಿರ್ಜೀವ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಪ್ರಾರ್ಥನೆಗೆ ಕೂತಳು. ಅವಳ ಪ್ರಾರ್ಥನೆ ಎಂದರೆ ದೇವರ ಜೊತೆ ಅಂಗಡಿ ಮಾತು. "ನೋಡಪ್ಪಾ ದೇವರೇ, ಅಳತೆ ಆಯ್ತು. ಸಾಯಂಕಾಲ ಮನೇಲಿರೋ ಬೂದು ಬಟ್ಟೆ ಕತ್ತರಿಸ್ತೀನಿ. ಕತ್ತರಿ ಬಿದ್ದ ಮೇಲೆ ನಮ್ಮಂಗಡೀಲಿ ವಾಪಸ್ ತಗೊಳ್ಳಲ್ಲ, ಅದು ನಿಂಗೂ ಗೊತ್ತು. ಟ್ರಯಲ್‌ಗೆ ಇವರನ್ನ ಕಳಿಸೋ ಜವಾಬ್ದಾರಿ ನಿಂದು."

ದಿನಾ ಬಂದು ದಿನಾ ಇದನ್ನೇ ನೆನಪಿಸಿ ಹೋಗುತ್ತಿದ್ದಳು. ಒಂದು ದಿನ ಮಾತ್ರ ಅವಳ ದನಿ ಒಡೆಯಿತು. ಅವನ ಅಂಗೈಯಲ್ಲಿ ಮುಖ ಹುದುಗಿಸಿ, "ನಂಬಿಕೆ ಇದೆ ಕಣ್ರೀ," ಎಂದಳು. "ಆದ್ರೆ ಹೆದರಿಕೆನೂ ಇದೆ. ಎರಡೂ ಒಟ್ಟಿಗೇ ಬರ್ತಾವೆ, ನಾನೇನ್ ಮಾಡ್ಲಿ?" ಅಂಗೈ ಒದ್ದೆಯಾದದ್ದು ಅವನಿಗೆ ತಿಳಿಯಿತು. ಬದುಕಬೇಕು ಎಂದು ಅವನಿಗೆ ಹಟ ಹುಟ್ಟಿದ್ದು ಆವತ್ತೇ.

*

ನಡುಮನೆಯಲ್ಲಿ ಜನ ತುಂಬಿದ್ದರು. ಪೆಟ್ಟಿಗೆಯ ತಲೆದೆಸೆಯಲ್ಲಿ ಅವಳ ತಂಗಿ ಕೂತಿದ್ದಳು. ಅವನನ್ನು ಕಂಡದ್ದೇ ಅವಳ ಅಳು ಮತ್ತೆ ಉಕ್ಕಿತು.

"ನಿಮಗೆ ಅಷ್ಟು ಪ್ರಾರ್ಥನೆ ಮಾಡಿದಳಲ್ಲ ಭಾವ, ತನಗೆ ಅಂತ ಒಂದು ಮಾಡ್ಕೊಂಡಳಾ? ತನ್ನ ಆಯಸ್ಸೆಲ್ಲ ನಿಮಗೆ ಧಾರೆ ಎರೆದುಬಿಟ್ಟಳು ನಮ್ಮಕ್ಕ."

ಸುತ್ತಲಿದ್ದವರು ಹೌದು ಹೌದು ಎಂದು ನಿಟ್ಟುಸಿರು ಬಿಟ್ಟರು. ಅವನಿಗೆ ರೇಗಿಹೋಯಿತು.

"ಅಂದ್ರೆ? ಅವಳ ಆಯಸ್ಸು ನಾನು ತಿಂದೆ ಅಂತೀಯಾ?"

"ಅಯ್ಯೋ, ನಾನು ಹಾಗಲ್ಲ..."

"ಹಾಗೇ ಅಂದಿದ್ದು ನೀನು. ಕೇಳಿಸ್ಕೋ. ನಿಮ್ಮಕ್ಕ ಒಂದು ಗುಂಡಿನೂ ಯಾರಿಗೂ ಪುಕ್ಕಟೆ ಕೊಟ್ಟವಳಲ್ಲ. ಆಯಸ್ಸು ಕೊಡ್ತಾಳಾ? ಏಳ್ತಾನೆ ಅಂದ್ಲು, ಎದ್ದೆ. ಎಬ್ಬಿಸಿದ್ದು ದಾನ ಕೊಟ್ಟಲ್ಲ, ಬೈದು. ಅವಳು ಬದುಕಿದಷ್ಟೂ ಅವಳದ್ದೇ ಬದುಕು, ಅದರಲ್ಲಿ ಒಂದು ದಿನನೂ ನನ್ನ ಪಾಲಿಗೆ ಹಾಕಬೇಡಿ."

"ಹಾಗಾದ್ರೆ ಅವಳ ನಂಬಿಕೆ ಈಗ ಎಲ್ಲಿ ಹೋಯ್ತು?" ತಂಗಿಯೂ ಬಿಡಲಿಲ್ಲ. ದುಃಖದಲ್ಲಿದ್ದವಳು.

"ಎಲ್ಲೂ ಹೋಗಿಲ್ಲ. ಇಲ್ಲೇ ಎರಡು ಕಾಲ ಮೇಲೆ ನಿಂತಿದೆ, ನೋಡು." ಎದೆ ತಟ್ಟಿಕೊಂಡ. ತಟ್ಟಿಕೊಂಡ ರಭಸಕ್ಕೆ ಅರ್ಧ ತೊಟ್ಟ ಕೋಟು ಜಾರಿ ನೆಲಕ್ಕೆ ಬಿತ್ತು.

ಮುಂಜಾಗ್ರತೆ ಮುಂದೆ ಬಂದ. ಈಗ ಅವನೂ ಮುದುಕ, ಕೊಡೆಯೇ ಊರುಗೋಲು. "ಆವೇಶ ಬೇಡ ಕಣೋ. ವ್ಯಾನಲ್ಲಿ ನಿನಗೆ ಅಂತ ಮೆತ್ತನೆ ಕುರ್ಚಿ ಹಾಕ್ಸಿದೀನಿ. ಯಾವುದಕ್ಕೂ ಇರಲಿ ಅಂತ ಆಕ್ಸಿಜನ್ ಸಿಲಿಂಡರ್ ಕೂಡ ಇಟ್ಟಿದೀನಿ."

"ಆವಾಗಲೂ ಎಲ್ಲ ತಯಾರು ಮಾಡಿದ್ದೆ ಅಣ್ಣಾ ನೀನು," ಎಂದ ಅವನು. ಅಣ್ಣ ಮುಖ ತಗ್ಗಿಸಿದ.

ಬಾಗಿಲ ಹತ್ತಿರ ಹಳೆಯ ಕೆಲಸದ ಗೆಳೆಯರು ನಿಂತಿದ್ದರು. ಅವರಲ್ಲಿ ಮುಂದಾಳು ಕುಳ್ಳ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳಿಗೆ ಆ ಹೆಸರು ಯಾರಿಟ್ಟರೋ, ಇಟ್ಟಿದ್ದಂತೂ ಅಂಟಿಕೊಂಡಿತ್ತು.

"ಕಪಾಟಣ್ಣಾ, ನೀನು ಹೊರದೇ ಎಷ್ಟು ವರ್ಷ ಆಯ್ತು? ಕಾಯಿಲೆ ಆದ ಮೇಲೆ ನಮಗೆ ಹೆಜ್ಜೆ ಹೇಳೋ ಕೆಲಸ ಅಷ್ಟೇ ತಾನೇ ನಿಂದು? ಹೊರಲೇಬೇಕು ಅಂದ್ರೆ ಆ ಬದಿಗೆ ಬಾ, ಬಲಭುಜಕ್ಕೆ ತಗೋ. ಬಲಭುಜ ಗಟ್ಟಿ ಇದೆ."

"ಎಡಕ್ಕೇ ತಗೊಳ್ಳೋದು. ಇಷ್ಟು ವರ್ಷ ಅವಳು ನಡೆದಿದ್ದು ನನ್ನ ಎಡಕ್ಕೆ. ಇವತ್ತೂ ಅಲ್ಲೇ."

ಮಗಳು ಬಗ್ಗಿ ನೆಲದ ಮೇಲಿನ ಕೋಟನ್ನು ಎತ್ತಿದಳು. ಬೂದು ಬಣ್ಣದ ಕೋಟು, ಅದಕ್ಕೆ ದೊಡ್ಡ ದೊಡ್ಡ ಕೆಂಪು ಗುಂಡಿ. ಅವುಗಳ ಮೇಲೆ ಅವಳ ಬೆರಳು ಓಡಾಡಿತು.

*

ಆ ಗುಂಡಿಗಳನ್ನು ಆರಿಸಿದ್ದು ಅವಳೇ. ಆಗ ಅವಳಿನ್ನೂ ಹಲ್ಲು ಬಿದ್ದ ಪುಟ್ಟಿ. ಆಸ್ಪತ್ರೆಯಲ್ಲಿ ದೊಡ್ಡಪ್ಪ, "ಅಪ್ಪನ್ನ ಕೊನೇ ಸಲ ನೋಡ್ಕೋ ಮಗೂ" ಎಂದು ಎತ್ತಿಕೊಂಡಿದ್ದ. ಅಮ್ಮ ಅವನ ಕೈಯಿಂದ ಮಗುವನ್ನು ಕಿತ್ತುಕೊಂಡು ಮನೆಗೆ ಬಂದು ಗುಂಡಿ ಡಬ್ಬಿ ಎದುರಿಗೆ ಕೂರಿಸಿದ್ದಳು. "ಅಪ್ಪನ ಕೋಟಿಗೆ ಯಾವ ಗುಂಡಿ ಬೇಕೋ ಆರಿಸು. ನೀನು ಹೇಳಿದ್ದೇ ಹಾಕೋದು." ಹುಡುಗಿ ಸೀದಾ ಕೆಂಪಿಗೆ ಕೈಹಾಕಿತು. ಕೊಟ್ಟ ಮಾತು ಕೊಟ್ಟ ಮಾತೇ.

ಅವನು ಮನೆಗೆ ಬಂದದ್ದು ಗಾಲಿ ಕುರ್ಚಿಯಲ್ಲಿ. ಅವಳು ಕೋಟನ್ನು ಬೀದಿಬಾಗಿಲ ಮೊಳೆಗೆ ನೇತುಹಾಕಿ, "ಟ್ರಯಲ್ ಅಲ್ಲೇ, ನಡ್ಕೊಂಡು ಬನ್ನಿ" ಎಂದಳು. ಬೈದಳು, ಗೋಗರೆದಳು, ಅವನು ಬಿದ್ದಾಗ ತಾನೂ ಪಕ್ಕದಲ್ಲಿ ಕೂತು ನಕ್ಕಳು. ಅವನ ಎಡಬದಿಗೆ ತನ್ನ ಭುಜ ಕೊಟ್ಟು ಮಂಚದಿಂದ ಮೇಜಿಗೆ, ಮೇಜಿನಿಂದ ಬಾಗಿಲಿಗೆ ಎಳೆದೊಯ್ದಳು. ಅಂತೂ ಒಂದು ದಿನ ಅವನು ಮೊಳೆ ಮುಟ್ಟಿದ. ತೊಟ್ಟ. ಕನ್ನಡಿ ನೋಡಿದ. ಎಡಭುಜ ಜೋತುಬಿದ್ದು, ಕೋಟು ಅತ್ತ ವಾಲಿತ್ತು.

"ನಾನು ಹೊರಗೆ ಹೋಗಲ್ಲ," ಎಂದ. "ಕಪಾಟಣ್ಣ ವಾಲಿದ ಅಂತ ನಗ್ತಾರೆ."

ಅವಳು ಸುತ್ತ ತಿರುಗಿ ನೋಡಿದಳು. "ಭುಜಕ್ಕೇನೂ ಆಗಿಲ್ಲ. ನನ್ನ ಹೊಲಿಗೇನೇ ಸರಿಯಾಗಿಲ್ಲ. ಬಿಚ್ಚಿ ಕೊಡಿ."

ಭುಜದ ಹೊಲಿಗೆ ಬಿಚ್ಚಿದಳು. ಮೇಲಿನ ಅಟ್ಟದಿಂದ ಒಂದು ಕಟ್ಟು ತೆಗೆದು, ಅದರೊಳಗಿನ ಬಿಳಿ ಬಟ್ಟೆಗೆ ಕತ್ತರಿ ಹಾಕಿ, ಮಡಿಕೆಯ ಮೇಲೆ ಮಡಿಕೆಯಿಟ್ಟು ಗಟ್ಟಿ ಮೆತ್ತೆ ಮಾಡತೊಡಗಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಲೇ, ಇದು ಅಣ್ಣ ತಂದಿದ್ದಲ್ವೇನೆ?"

"ಹೂಂ. ನಿಮಗೇ ಅಂತ ತಾನೇ ತಂದಿದ್ದು? ನಿಮಗೇ ಹಾಕ್ತಿದೀನಿ."

ಆಸ್ಪತ್ರೆಯಿಂದ ಬಂದ ಮೇಲೆ ಅವನು ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಆವತ್ತು. ನಗುತ್ತಾ ನಗುತ್ತಾ ಇಬ್ಬರಿಗೂ ಅಳು ಬಂತು. ಮರುದಿನ ಅವನು ಎರಡೂ ಭುಜ ಸಮ ಮಾಡಿಕೊಂಡು ಬೀದಿಗಿಳಿದ.

*

"ಒಂದು ಷರತ್ತು," ಎಂದಳು ಮಗಳು. ಮಿಷನ್ನಿನ ಹತ್ತಿರ ಹೋಗಿ, ಅಮ್ಮ ಮೊನ್ನೆ ಬಿಟ್ಟ ಜಾಗದಿಂದಲೇ ದಾರದ ರೀಲು ತೆಗೆದುಕೊಂಡು ಬಂದಳು. "ಕುಳ್ಳ ಮಾಮ, ನೀವು ಕಪಾಟು ಹೊರೋವಾಗ ಮೇಲೆ ಪೆನ್ಸಿಲ್ ಇಡ್ತೀರಲ್ಲ, ಹೇಗದು?"

"ಉದ್ದಕ್ಕೆ ಮಲಗಿಸ್ತೀವಿ. ಒಂದು ಬದಿ ತಗ್ಗಿದ್ರೆ ಉರುಳಿ ಬೀಳುತ್ತೆ. ಬಿದ್ರೆ ಆ ಬದಿಯವನನ್ನ ಬದಲಾಯಿಸ್ತೀವಿ."

"ಕೇಳಿದೆಯಾ ಅಪ್ಪಾ? ಈ ರೀಲು ಬಿದ್ರೆ, ಮರುಮಾತಿಲ್ಲದೆ ವ್ಯಾನು ಹತ್ಬೇಕು."

"ಹತ್ತೀನಿ."

"ಅಮ್ಮನ ಮೇಲಾಣೆ?"

"ಅವಳ ಮುಂದೇನೇ ನಿಂತು ಹೇಳ್ತಿದೀನಲ್ಲೇ."

ಮಗಳು ಅವನ ಹಿಂದೆ ಹೋದಳು. ಎಡತೋಳನ್ನು ಕೆಳಗಿನಿಂದ ಅಗಲಿಸಿ ಹಿಡಿದು, "ಹೂಂ, ಹಾಕು" ಎಂದಳು. ಅಮ್ಮನೂ ಅಷ್ಟೇ ಹೇಳುತ್ತಿದ್ದದ್ದು. ಕೈ ಸರಾಗವಾಗಿ ಒಳಗೆ ಇಳಿಯಿತು. ಕೆಂಪು ಗುಂಡಿಗಳನ್ನು ಒಂದೊಂದಾಗಿ ಅವಳೇ ಹಾಕಿದಳು.

ಕುಳ್ಳ "ಎತ್ತಿ" ಎಂದ. ನಾಲ್ವರೂ ಎತ್ತಿದರು. ಪೆಟ್ಟಿಗೆಯ ಅಂಚು ಅವನ ಎಡಭುಜದ ಮೆತ್ತೆಯ ಮೇಲೆ ಕೂತಿತು. ಮೊದಲ ಭಾರಕ್ಕೆ ಕಣ್ಣಿಗೆ ಕತ್ತಲೆ ಬಂತು. ಬಲಗೈಯನ್ನು ಎದೆಯ ಮೇಲಿಂದ ತಂದು ಅಂಚನ್ನು ಬಿಗಿಯಾಗಿ ಹಿಡಿದ. ಮಗಳು ಮುಚ್ಚಳದ ಮೇಲೆ ರೀಲನ್ನು ಉದ್ದಕ್ಕೆ ಮಲಗಿಸಿದಳು. ಅದು ಒಮ್ಮೆ ಅಲುಗಿತು. ನಿಂತಿತು.

"ಎಡ," ಎಂದ ಅವನು. "ಬಲ. ಎಡ."

ಎಷ್ಟೋ ವರ್ಷಗಳಿಂದ ಬೇರೆಯವರಿಗೆ ಹೇಳುತ್ತಿದ್ದ ಹೆಜ್ಜೆಯನ್ನು ಇಂದು ತನಗೇ ಹೇಳಿಕೊಂಡು ನಡೆದ. ಬೀದಿಯವರು ಅಂಗಡಿ ಬಿಟ್ಟು ಹೊರಗೆ ಬಂದು ನಿಂತರು. ತಿರುವಿನಲ್ಲಿ ಉಸಿರು ಸಾಲದಾಯಿತು. "ಬದಲಾಯಿಸ್ಲಾ ಅಣ್ಣಾ?" ಎಂದು ಹಿಂದಿನಿಂದ ಯಾರೋ ಕೇಳಿದರು. "ರೀಲು ಬಿತ್ತಾ?" ಎಂದು ಕಪಾಟಣ್ಣ ಕೇಳಿದ. "ಇಲ್ಲ." "ಹಾಗಾದ್ರೆ ಬಾಯಿ ಮುಚ್ಕೊಂಡು ನಡಿ." ಕಿವಿಯ ಪಕ್ಕದಲ್ಲೇ ಅವಳಿದ್ದಳು, ಮರದ ಹಲಗೆಯ ಆಚೆ. ಬೈಯುತ್ತಿದ್ದಾಳೆ ಎನ್ನಿಸಿತು ಅವನಿಗೆ. ಬೈಯಲಿ. ಅವಳು ಬೈದಾಗಲೆಲ್ಲ ಅವನಿಗೆ ಒಂದು ಹೆಜ್ಜೆ ಜಾಸ್ತಿಯೇ ಬಂದಿತ್ತು.

ಏರು ಶುರುವಾದಲ್ಲಿ ಮುಂಜಾಗ್ರತೆ ಏದುಸಿರು ಬಿಡುತ್ತಾ ತಾನೇ ಹಾಕಿಸಿದ ಮೆತ್ತನೆ ಕುರ್ಚಿಯಲ್ಲಿ ಹೋಗಿ ಕೂತ. ವ್ಯಾನು ಮೆಲ್ಲಗೆ ಹಿಂದೆ ಬಂತು.

ಸ್ಮಶಾನದ ಗೇಟಿನೊಳಗೆ, ತೋಡಿದ ಗುಂಡಿಯ ಪಕ್ಕದಲ್ಲಿ ಪೆಟ್ಟಿಗೆ ಇಳಿಸಿದರು. ರೀಲು ಇಟ್ಟಲ್ಲೇ ಇತ್ತು. ಅವನು ನೆಟ್ಟಗೆ ನಿಂತ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಅಪ್ಪಾ, ಕೋಟು ಹರಿದಿದೆ," ಎಂದಳು ಮಗಳು. ಎಡಭುಜದ ಹೊಲಿಗೆ ಬಿಟ್ಟುಕೊಂಡು, ಒಳಗಿನ ಬಿಳಿ ಬಟ್ಟೆಯ ಮಡಿಕೆಗಳು ಹೊರಗೆ ಬಂದಿದ್ದವು. ಅವಳು ಅದನ್ನು ಒಳಗೆ ತುರುಕಲು ಹೋದಳು. ಅವನು ಅವಳ ಕೈ ತಡೆದ.

ವ್ಯಾನಿನಿಂದ ಇಳಿದು ಬಂದ ಅಣ್ಣ ಆ ಬಟ್ಟೆಯನ್ನೇ ನೋಡುತ್ತಾ ನಿಂತುಬಿಟ್ಟ. ಹತ್ತಿರ ಬಂದು ಎರಡು ಬೆರಳಲ್ಲಿ ಮುಟ್ಟಿ ನೋಡಿದ. ನೇಯ್ಗೆ ಈಗಲೂ ಗಟ್ಟಿಯಾಗಿತ್ತು.

"ಇದು..." ಎಂದ.

"ಹೂಂ," ಎಂದ ತಮ್ಮ. "ಅದೇ."

ಅಣ್ಣನ ಕೈಯಿಂದ ಕೊಡೆ ಜಾರಿ ಬಿತ್ತು. ಅವನು ಬಗ್ಗಿ ಅದನ್ನು ಎತ್ತಿಕೊಳ್ಳಲಿಲ್ಲ. ಹರಿದ ಭುಜವನ್ನು ಹಾಗೇ ತೆರೆದಿಟ್ಟುಕೊಂಡು, ಬಿಳಿ ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿರುವಾಗ, ಕಪಾಟಣ್ಣ ಬಗ್ಗಿ ಮೊದಲ ಹಿಡಿ ಮಣ್ಣನ್ನು ಎಡಗೈಯಿಂದಲೇ ಎತ್ತಿಕೊಂಡ.